ವಿದ್ಯೆಗಾಗಿ ಪುಣೆಯ ಹಾದಿ

ಮುಂಬಯಿ ವಿಶ್ವವಿದ್ಯಾಲಯವು ಹುಟ್ಟಿದ್ದು 1857ರಲ್ಲಿ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದದ್ದು 1917ರಲ್ಲಿ. ಈ ನಡುವಣ ಅರುವತ್ತು ವರ್ಷಗಳ ಕಾಲ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳ ತರುಣನು ಮ್ಯಾಟ್ರಿಕ್ ಪರೀಕ್ಷೆಯನ್ನು ದಾಟಿ ಮುಂದೆ ಕಲಿಯಬೇಕೆಂದರೆ ಊರನ್ನು ಬಿಡಲೇಬೇಕಾಗಿದ್ದಿತು. 1880ರಿಂದ ಕೊಲ್ಲಾಪುರದಲ್ಲಿ ರಾಜಾರಾಮ ಕಾಲೇಜು ಇದ್ದಿತು, ದೂರದಲ್ಲಿ ಮುಂಬಯಿಯೂ ಇದ್ದಿತು. ಆದರೂ ಬಹುಜನರ ಮನಸ್ಸು ಹರಿದದ್ದು ಪುಣೆಯ ಕಡೆಗೆ. ಬಳ್ಳಾರಿಯ ಹುಡುಗನು ಇದೇ ವಿದ್ಯೆಗಾಗಿ ಮದರಾಸಿನ ಕಡೆಗೆ ಮುಖ ಮಾಡುತ್ತಿದ್ದನು. ಒಂದೇ ನುಡಿಯನ್ನಾಡುವ ಮಕ್ಕಳು ವಿದ್ಯೆಯ ನೆಪದಿಂದ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ನಡೆಯಬೇಕಾದ ಕಾಲವದು.

ಧಾರವಾಡದಿಂದ ಪುಣೆಗೆ ಸುಮಾರು 250 ಮೈಲಿ. ಬೆಳಗಾವಿ, ಕೊಲ್ಲಾಪುರ, ಕರಾಡ, ಸಾತಾರಗಳ ಮೇಲೆ ಹಾಯ್ದುಹೋಗುವ ಹಾದಿ. ಚಕ್ಕಡಿಯು ದಿನಕ್ಕೆ ಹದಿನೈದು ಇಪ್ಪತ್ತು ಮೈಲಿ ಸಾಗಿದರೂ ಎರಡು ವಾರಗಳಷ್ಟು ಪ್ರಯಾಣ. ಮಲಪ್ರಭೆ, ಘಟಪ್ರಭೆ, ದೂಧಗಂಗೆ, ಪಂಚಗಂಗೆ, ವಾರಣೆ, ಕೃಷ್ಣೆ ಎಂದು ನದಿಗಳನ್ನೆಣಿಸುತ್ತ ಹೋಗಬೇಕು. ಮಳೆಗಾಲವಾದರೆ ಅವು ಇಳಿಯುವ ತನಕ ದಂಡೆಯ ಮೇಲೆ ಕಾಯಬೇಕು. ಮುಂದೆ ಡೆಪ್ಯುಟಿ ಚೆನ್ನಬಸಪ್ಪನವರೆಂದು ಹೆಸರಾದ ಮಹನೀಯರು (1834–1881) ಪುಣೆಗೆ ಹೋಗಿ ಇಂಗ್ಲಿಷ್ ವಿದ್ಯೆಯನ್ನು ಸಂಪಾದಿಸಿದ್ದು ಉಗಿಬಂಡಿಯು ಈ ಸೀಮೆಗೆ ಬರುವುದಕ್ಕಿಂತ ಎಷ್ಟೋ ಮುಂಚೆ. ಅವರು ತಿರುಗಿ ಬಂದಾಗ ಧಾರವಾಡದ ಶಾಲೆಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದಿತು. ಮರಾಠಿಯ ತವರಿನಲ್ಲಿ ಕಲಿತು ಬಂದ ಅವರೇ ಕನ್ನಡ ಶಾಲೆಗಳಿಗಾಗಿ ಟೊಂಕ ಕಟ್ಟಿ ನಿಂತರೆಂಬುದು ಈ ಹಾದಿಯ ಚರಿತ್ರೆಯಲ್ಲಿ ಮೊದಲು ಗಮನಿಸತಕ್ಕ ಸಂಗತಿ.

ಮೈಸೂರು ಸೀಮೆಯಿಂದ ಪುಣೆಗೆ ಹೋದವರ ಪಾಡು ಬೇರೆ ಬಗೆಯದು. 1881ರಲ್ಲಿ ಬೆಂಗಳೂರಿನಲ್ಲಿ ಬಿ.ಎ. ಮುಗಿಸಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮೈಸೂರು ಸರಕಾರದ ವಿದ್ಯಾರ್ಥಿವೇತನದ ಬಲದಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿದರು. ಆಗ ಬೆಂಗಳೂರಿಗೂ ಪುಣೆಗೂ ನೇರವಾದ ರೈಲು ಇರಲಿಲ್ಲ. ಇದ್ದ ಹಳಿಯ ಹಾದಿ ಮೊದಲು ಪೂರ್ವಕ್ಕೆ ಜೋಲಾರಪೇಟೆ, ಅರಕೋಣಗಳಿಗೆ ಹೋಗಿ, ಅಲ್ಲಿಂದ ರಾಯಚೂರು, ಸೊಲ್ಲಾಪುರಗಳ ಮೇಲೆ ಪುಣೆಯನ್ನು ಮುಟ್ಟುತ್ತಿದ್ದಿತು. ವಾಯವ್ಯಕ್ಕೆ ಹೊರಟವನು ಮದರಾಸಿನ ಹೊಸ್ತಿಲ ತನಕ ಹೋಗಿ ತಿರುಗಬೇಕು! 1883ರಲ್ಲಿ ವಿಶ್ವೇಶ್ವರಯ್ಯನವರು ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ, ಮರುವರ್ಷ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಮೈಸೂರು ಓದಿಸಿದ ಹುಡುಗನ ದುಡಿಮೆಯ ಫಲವು ಹೀಗೆ ಬಹುಕಾಲ ಮುಂಬಯಿಗೆ ಸಂದಿತು.

1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹಾಸಿದ ಹಳಿಗಳು 1890ರ ಹೊತ್ತಿಗೆ ಲೋಂಡಾ, ಬೆಳಗಾವಿ, ಮಿರಜಗಳ ಮೇಲೆ ಪುಣೆಯನ್ನು ಮುಟ್ಟಿದವು. ವಾರಗಳ ಹಾದಿ ತಾಸುಗಳ ಲೆಕ್ಕಕ್ಕೆ ಇಳಿಯಿತು. ಹಾಸಿಗೆಯ ಸುರುಳಿ, ತಗಡಿನ ಪೆಟ್ಟಿಗೆ, ತಾಯಿ ಕಟ್ಟಿಕೊಟ್ಟ ರೊಟ್ಟಿಯ ಗಂಟು, ಇಷ್ಟರಿಂದ ಹೊರಟ ಹುಡುಗನು ಹಬ್ಬಕ್ಕೆ ಊರಿಗೆ ಬಂದು ಹೋಗುವುದೂ ಸಾಧ್ಯವಾಯಿತು. ಆದರೆ ಹಾದಿ ಸುಗಮವಾದ ಮಾತ್ರಕ್ಕೆ ಪರಸ್ಥಳದ ವಾಸವು ಸುಗಮವಾಗಲಿಲ್ಲ. 1896ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಪ್ಲೇಗು ಪುಣೆಗೂ, ಬಳಿಕ ಹುಬ್ಬಳ್ಳಿ ಧಾರವಾಡಗಳಿಗೂ ಹಬ್ಬಿದಾಗ, ರೈಲುನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ನಿಲ್ಲಿಸಿ ತಪಾಸಣೆ ಮಾಡುತ್ತಿದ್ದರು. ಮಗನನ್ನು ಕಳುಹಿಸಿದ ಮನೆಯವರ ಎದೆಯ ಬೇಗುದಿಯನ್ನು ವಾಚಕರು ಊಹಿಸಿಕೊಳ್ಳಬಹುದು.

ಊಟದ ಪ್ರಶ್ನೆಯಂತೂ ಎಲ್ಲಕ್ಕೂ ಮಿಗಿಲಾದುದು. ಬಡ ಬ್ರಾಹ್ಮಣ ವಿದ್ಯಾರ್ಥಿಗೆ ಪುಣೆಯಲ್ಲಿ ವಾರಾನ್ನದ ಆಧಾರವಿದ್ದಿತು: ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು. ಅದು ಹಂಗಿನ ಅನ್ನವೆಂಬುದು ನಿಜ, ಆದರೂ ಅನ್ನವೇ. ಲಿಂಗಾಯತರ ಹಾಗೂ ಇತರ ಜಾತಿಗಳ ಹುಡುಗನಿಗೆ ಆ ಬಾಗಿಲುಗಳು ತೆರೆದಿರಲಿಲ್ಲ. ಮನೆಯಲ್ಲಿ ಹೊಲವೋ ವ್ಯಾಪಾರವೋ ಇದ್ದವನು ಮಾತ್ರ ಹಣ ತರಿಸಿಕೊಂಡು ಓದಬಲ್ಲವನಾಗಿದ್ದನು. ಇಲ್ಲದವನ ಓದು ಮ್ಯಾಟ್ರಿಕ್ಕಿಗೇ ಮುಗಿಯಿತು. ಈ ಹಾದಿಯಲ್ಲಿ ನಡೆದವರ ಹೆಸರುಗಳನ್ನು ಹೇಳುವಾಗ, ಹಾದಿಯನ್ನೇ ಹಿಡಿಯಲಾರದೆ ಉಳಿದವರನ್ನು ಮರೆಯುವುದು ನ್ಯಾಯವಲ್ಲ. ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯೆಗಾಗಿ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಆ ದಾನದ ಬೆಲೆ ತಿಳಿಯುವುದು ಈ ಹಿನ್ನೆಲೆಯಲ್ಲಿ ನೋಡಿದಾಗಲೇ.

ಇನ್ನು ಪುಣೆಯು ಈ ತರುಣರಿಗೆ ಕಲಿಸಿದ್ದೇನು? ಡೆಕ್ಕನ್ ಕಾಲೇಜಿನಲ್ಲಾಗಲಿ, 1885ರಲ್ಲಿ ತೆರೆದ ಫರ್ಗ್ಯುಸನ್ ಕಾಲೇಜಿನಲ್ಲಾಗಲಿ ಅವರು ಓದಿದ್ದು ಇಂಗ್ಲಿಷು, ಸಂಸ್ಕೃತ, ಇತಿಹಾಸ, ಗಣಿತ. ಆದರೆ ತರಗತಿಯ ಹೊರಗೆ ಅವರು ಕಂಡದ್ದು ಎಚ್ಚೆತ್ತ ಒಂದು ಭಾಷೆಯನ್ನು. ಚಿಪಳೂಣಕರರ ನಿಬಂಧಮಾಲೆ, 1881ರಿಂದ ಕೇಸರಿ ಪತ್ರಿಕೆ, ತುಂಬಿದ ನಾಟಕಗೃಹಗಳು. 1880ರಲ್ಲಿ ಪುಣೆಯಲ್ಲಿ ಶಾಕುಂತಲವನ್ನು ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ಕಳೆಗಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಕನ್ನಡನಾಡಿನ ಗುರ್ಲಹೊಸೂರಿನಲ್ಲಿ! ನೆರೆಯವರ ಮನೆಯ ದೀಪವನ್ನು ಕಂಡು ತನ್ನ ಮನೆಯ ಕತ್ತಲೆಯನ್ನು ಅರಿತುಕೊಂಡವನಂತಾಯಿತು ಕನ್ನಡ ವಿದ್ಯಾರ್ಥಿಯ ಸ್ಥಿತಿ. ಅಲ್ಲದೆ, ವಿಜಾಪುರದವನೂ ಕಾರವಾರದವನೂ ಧಾರವಾಡದವನೂ ಮೊದಲ ಸಲ ಕಲೆತದ್ದು ಪುಣೆಯ ಬಾಡಿಗೆಯ ಕೋಣೆಗಳಲ್ಲಿಯೇ. ಅಲ್ಲಿಯ ಜನರ ಕಣ್ಣಿಗೆ ಅವರೆಲ್ಲರೂ ‘ಕಾನಡಿ’ಗಳು. ಊರಿನಲ್ಲಿದ್ದಾಗ ಅವರಿಗೇ ತೋರದಿದ್ದ ಒಕ್ಕಟ್ಟನ್ನು ಪರರ ಈ ಮಾತು ತೋರಿಸಿಕೊಟ್ಟಿತು.

ಧಾರವಾಡದ ಬಳಿಯ ನರೇಂದ್ರದವರಾದ ರಾಮಚಂದ್ರ ಹಣಮಂತ ದೇಶಪಾಂಡೆಯವರು ಪುಣೆಯಲ್ಲಿ ಕಲಿತು ಎಂ.ಎ. ಪದವಿ ಪಡೆದು ಬಂದವರು. ಅವರ ಮುಂದಾಳುತನದಲ್ಲಿ 1890ರ ಜುಲೈ 20ರಂದು ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ರೈಲಿನ ಹಾದಿ ಪುಣೆಯನ್ನು ಮುಟ್ಟಿದ್ದೂ ಸಂಘವು ಹುಟ್ಟಿದ್ದೂ ಒಂದೇ ಕಾಲದಲ್ಲಿ. ಫರ್ಗ್ಯುಸನ್ ಕಾಲೇಜಿನ ಪದವೀಧರರಾದ ಆಲೂರ ವೆಂಕಟರಾಯರು ವಕೀಲಿಯನ್ನು ಬದಿಗಿಟ್ಟು, ಅದೇ ಸಂಘದ ‘ವಾಗ್ಭೂಷಣ’ ಪತ್ರಿಕೆಯನ್ನು ನಡೆಸಿ, 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಹೊರತಂದರು. ಪುಣೆಯು ಇವರನ್ನು ಮರಾಠಿಗರನ್ನಾಗಿ ಮಾಡಬಹುದಾಗಿದ್ದಿತು. ಹಾಗಾದವರೂ ಉಂಟು; ಅವರ ಸಂಖ್ಯೆ ಕಡಿಮೆಯಿರಲಾರದು. ಉಳಿದವರು ಮರಾಠಿಯ ಮೇಲೆ ಮುನಿಯದೆ ಅದರಿಂದ ಕಲಿತು ಬಂದರೆಂಬುದೇ ಅವರ ಹಿರಿಮೆ.

ಅರಟಾಳ ರುದ್ರಗೌಡರೂ ರೊದ್ದ ಶ್ರೀನಿವಾಸರಾಯರೂ ಊರೂರು ತಿರುಗಿ ನಿಧಿ ಕೂಡಿಸಿದ ಬಳಿಕ 1917ರಲ್ಲಿ ಧಾರವಾಡಕ್ಕೆ ಕಾಲೇಜು ಬಂದಿತು. ಧಾರವಾಡದಲ್ಲಿಯೇ ಹುಟ್ಟಿ, 1913ರಲ್ಲಿ ಮ್ಯಾಟ್ರಿಕ್ ಮುಗಿಸಿದ್ದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ಅಷ್ಟರೊಳಗೆ ಪುಣೆಯನ್ನು ಸೇರಿಯಾಗಿದ್ದಿತು. 1918ರಲ್ಲಿ ಅವರು ಫರ್ಗ್ಯುಸನ್ ಕಾಲೇಜಿನಿಂದ ಬಿ.ಎ. ಆಗಿ ಮನೆಗೆ ಮರಳಿದಾಗ ಅವರ ಊರಿನ ಕಾಲೇಜಿಗೆ ಒಂದು ವರ್ಷ. ಕಾನೂನನ್ನು ಕಲಿಯತಕ್ಕವರು 1939ರಲ್ಲಿ ಬೆಳಗಾವಿಯ ಲಾ ಕಾಲೇಜು ತೆರೆಯುವ ತನಕವೂ, ಇಂಜಿನಿಯರರಾಗತಕ್ಕವರು 1947ರಲ್ಲಿ ಹುಬ್ಬಳ್ಳಿಯ ಭೂಮರಡ್ಡಿ ಕಾಲೇಜು ತೆರೆಯುವ ತನಕವೂ ಹಾಸಿಗೆಯ ಸುರುಳಿಯನ್ನು ಕಟ್ಟುತ್ತಲೇ ಇದ್ದರು.