ಸಿ ಭಾಷೆಯಲ್ಲಿ ಕಡತ ನಿರ್ವಹಣೆ: ತಪ್ಪಾದರೂ ಬಾಯಿ ಬಿಡದ ಪ್ರೋಗ್ರಾಂ

ಮೈಸೂರು: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಹಾಗೂ ಎಚ್.ಡಿ.ಕೋಟೆ ತಾಲ್ಲೂಕುಗಳ ನಾಲ್ಕು ಪಟ್ಟಿಗಳು ನಾಲ್ಕು ಕಡತಗಳಲ್ಲಿವೆ ಎಂದಿಟ್ಟುಕೊಳ್ಳೋಣ. ಒಂದೊಂದು ಸಾಲಿನಲ್ಲೂ ಗ್ರಾಮ, ಸರ್ವೆ ನಂಬರ್, ಖಾತೆದಾರರ ಹೆಸರು, ಎಕರೆ-ಗುಂಟೆ. ನಾಲ್ಕನ್ನೂ ಸೇರಿಸಿ ಒಂದೇ ಕಡತ ಮಾಡುವ ಪುಟ್ಟ ಪ್ರೋಗ್ರಾಂ ಬರೆಯುವುದು ಎಂಜಿನಿಯರಿಂಗ್ ವಿದ್ಯಾರ್ಥಿಗೆ ಅರ್ಧ ಗಂಟೆಯ ಕೆಲಸ. ಪ್ರೋಗ್ರಾಂ ಓಡುತ್ತದೆ, ತಕರಾರಿಲ್ಲದೆ ಮುಗಿಯುತ್ತದೆ, ಹೊಸ ಕಡತವೂ ಸಿದ್ಧವಾಗುತ್ತದೆ. ಆದರೆ ಅದರಲ್ಲಿ ಪಿರಿಯಾಪಟ್ಟಣದ ಒಂದು ಹೆಸರೂ ಇಲ್ಲ. ಹೆಸರು ಬಿಟ್ಟುಹೋದವರು ಬಂದು ಕೇಳುವವರೆಗೂ ಅದು ಯಾರ ಗಮನಕ್ಕೂ ಬರುವುದಿಲ್ಲ.

ಇದು ಕಲ್ಪಿತ ಉದಾಹರಣೆ. 2000ರ ದಶಕದ ಆರಂಭದಲ್ಲಿ 'ಭೂಮಿ' ಯೋಜನೆಯಡಿ ರಾಜ್ಯದ 177 ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಗಣಕೀಕೃತ ಪಹಣಿ ನೀಡುವ ವ್ಯವಸ್ಥೆ ಜಾರಿಗೆ ಬಂತು. ಅದು ದತ್ತಸಂಚಯವನ್ನು ಆಧರಿಸಿದ ವ್ಯವಸ್ಥೆಯೇ ಹೊರತು ಹೀಗೆ ಬಿಡಿ ಕಡತಗಳನ್ನು ಜೋಡಿಸುವಂಥದ್ದಲ್ಲ. ಆದರೂ ಒಂದು ಸಾಲು ಬಿಟ್ಟುಹೋದರೆ ಅದರ ಬೆಲೆಯೇನು ಎಂಬುದು ಪಹಣಿಗಾಗಿ ಸರದಿಯಲ್ಲಿ ನಿಂತವರಿಗೆಲ್ಲ ಗೊತ್ತು. ಆ ಕಾರಣಕ್ಕೆ ಉದಾಹರಣೆಯನ್ನು ಅಲ್ಲಿಂದ ಎರವಲು ಪಡೆಯಲಾಗಿದೆ.

ಯಂತ್ರದಿಂದ ಯಂತ್ರಕ್ಕೆ

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ 1970ರ ದಶಕದ ಮೊದಲ ವರ್ಷಗಳಲ್ಲಿ ರೂಪಿಸಿದ ಭಾಷೆ ಸಿ. ಕಡತ ತೆರೆಯುವ, ಓದುವ, ಬರೆಯುವ ಆಜ್ಞೆಗಳು ಮೂಲ ಭಾಷೆಯಲ್ಲಿಲ್ಲ. ಅವು ಭಾಷೆಯ ಜೊತೆಗೆ ಬರುವ ಗ್ರಂಥಾಲಯದಲ್ಲಿವೆ. ಒಂದು ಯಂತ್ರಕ್ಕೆ ಬರೆದ ಪ್ರೋಗ್ರಾಂ ಮತ್ತೊಂದರಲ್ಲೂ ನಡೆಯಬೇಕೆಂಬ ಉದ್ದೇಶದಿಂದ ಅದೇ ಪ್ರಯೋಗಾಲಯದ ಮೈಕ್ ಲೆಸ್ಕ್ ಸಿದ್ಧಪಡಿಸಿದ್ದ ಕ್ರಮವಿಧಿಗಳ ಕಟ್ಟೇ ಮುಂದೆ ಪರಿಷ್ಕೃತಗೊಂಡು ಇಂದಿನ 'ಸ್ಟ್ಯಾಂಡರ್ಡ್ ಇನ್‌ಪುಟ್-ಔಟ್‌ಪುಟ್' ಗ್ರಂಥಾಲಯವಾಯಿತು. 1989ರಲ್ಲಿ ಅಮೆರಿಕದ ಮಾನಕ ಸಂಸ್ಥೆಯೂ 1990ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯೂ ಅದಕ್ಕೆ ಅಧಿಕೃತ ಮುದ್ರೆ ಒತ್ತಿದವು. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, 'ಎಫ್-ಓಪನ್' ಎಂದರೆ ಕಡತ ತೆರೆ ಎಂದೇ ಅರ್ಥ.

ಆದರೆ ಮಾನಕವು ಎಲ್ಲವನ್ನೂ ಬಿಗಿಯಾಗಿ ಕಟ್ಟಿಹಾಕಿಲ್ಲ. ಹಲವು ವಿವರಗಳನ್ನು ಆಯಾ ಕಾರ್ಯಾಚರಣ ವ್ಯವಸ್ಥೆಯ ಮರ್ಜಿಗೆ ಬಿಟ್ಟಿದೆ. ತೊಂದರೆಗಳೆಲ್ಲ ನುಸುಳುವುದು ಈ ಸಂದಿನಲ್ಲೇ.

ತೆರೆಯದ ಬಾಗಿಲು

ಮೊದಲ ತೊಂದರೆ ಕಡತದ ಹೆಸರಿನದು. ಹುಣಸೂರನ್ನು ಇಂಗ್ಲಿಷಿನಲ್ಲಿ ಒಬ್ಬರು 'ಎನ್' ನಂತರ 'ಎ' ಸೇರಿಸಿ ಬರೆದರೆ ಮತ್ತೊಬ್ಬರು ಅದನ್ನು ಬಿಟ್ಟು ಬರೆಯುತ್ತಾರೆ. ಪಿರಿಯಾಪಟ್ಟಣ ಸರ್ಕಾರಿ ಫಲಕಗಳಲ್ಲೇ ಎರಡು ಮೂರು ರೂಪಗಳಲ್ಲಿ ಕಾಣಸಿಗುತ್ತದೆ. ಇದರ ಮೇಲೆ ದೊಡ್ಡಕ್ಷರ, ಸಣ್ಣಕ್ಷರದ ಭೇದ ಬೇರೆ. ವಿಂಡೋಸ್ ಸಾಮಾನ್ಯವಾಗಿ ಈ ಭೇದ ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ಕಾಲೇಜಿನ ಪ್ರಯೋಗಾಲಯದ ವಿಂಡೋಸ್ ಗಣಕದಲ್ಲಿ ಸರಾಗವಾಗಿ ತೆರೆದ ಕಡತ, ಕಚೇರಿಯ ಲಿನಕ್ಸ್ ಸರ್ವರ್‌ನಲ್ಲಿ ಇಲ್ಲವೇ ಇಲ್ಲ ಎನಿಸುವುದು ಹೀಗೆ.

ಕಡತ ತೆರೆಯಲಾಗದಿದ್ದರೆ 'ಎಫ್-ಓಪನ್' ಶೂನ್ಯ ಸೂಚಕವನ್ನು, ಅಂದರೆ 'ನಲ್' ಅನ್ನು ಹಿಂದಿರುಗಿಸುತ್ತದೆ. ಅದು ಮಾಡುವುದು ಇಷ್ಟೇ. ಪರದೆಯ ಮೇಲೆ ಸಂದೇಶವಿಲ್ಲ, ಪ್ರೋಗ್ರಾಂ ನಿಲ್ಲುವುದೂ ಇಲ್ಲ. 'ನಲ್' ಬಂದಿದೆಯೇ ಎಂದು ನೋಡದೆಯೇ ಓದಲು ಹೊರಟರೆ ಪ್ರೋಗ್ರಾಂ ಬಹುತೇಕ ಕುಸಿದು ಬೀಳುತ್ತದೆ. ಅದು ಒಂದು ಲೆಕ್ಕಕ್ಕೆ ಒಳ್ಳೆಯದೇ, ತಪ್ಪಾಗಿದೆ ಎಂಬುದಾದರೂ ತಿಳಿಯುತ್ತದೆ. ಇದಕ್ಕಿಂತ ಅಪಾಯಕಾರಿಯಾದುದು ಅರ್ಧ ಎಚ್ಚರಿಕೆ. 'ತೆರೆದರೆ ಓದು' ಎಂದು ಬರೆದು, ತೆರೆಯದಿದ್ದರೆ ಏನು ಮಾಡಬೇಕೆಂಬುದನ್ನು ಬರೆಯದೆ ಬಿಡುವುದು. ಮೇಲಿನ ಉದಾಹರಣೆಯಲ್ಲಿ ಪಿರಿಯಾಪಟ್ಟಣ ಸದ್ದಿಲ್ಲದೆ ಮಾಯವಾದದ್ದು ಈ ದಾರಿಯಲ್ಲಿ.

ಬರೆಯಲೆಂದು ತೆರೆಯುವಾಗ ಇನ್ನೊಂದು ಎಚ್ಚರ ಬೇಕು. 'ಡಬ್ಲ್ಯೂ' ವಿಧಾನದಲ್ಲಿ ತೆರೆದೊಡನೆ ಅದೇ ಹೆಸರಿನ ಹಳೆಯ ಕಡತವಿದ್ದರೆ ಅದರ ಹೂರಣವೆಲ್ಲ ಅಳಿಸಿಹೋಗುತ್ತದೆ. 2011ರ ಮಾನಕದಲ್ಲಿ ಇದರ ಜೊತೆಗೆ 'ಎಕ್ಸ್' ಅಕ್ಷರ ಸೇರಿಸುವ ಅವಕಾಶ ಬಂತು. ಕಡತ ಮೊದಲೇ ಇದ್ದರೆ ಆಗ ತೆರೆಯುವಿಕೆಯೇ ವಿಫಲವಾಗುತ್ತದೆ, ಹಳೆಯದು ಉಳಿಯುತ್ತದೆ. 'ಟರ್ಬೊ ಸಿ' ಕಾಲದ ಪಠ್ಯಗಳಿಂದ ಕಲಿತವರಿಗೆ ಇದರ ಪರಿಚಯ ಇರುವುದು ಕಡಿಮೆ.

ಕಾರಣ ಕೇಳುವ ಬಗೆ

ಕಡತ ಏಕೆ ತೆರೆಯಲಿಲ್ಲ? ಹೆಸರು ತಪ್ಪೇ, ಅನುಮತಿ ಇಲ್ಲವೇ, ಡಿಸ್ಕ್ ತುಂಬಿದೆಯೇ? ಕಾರಣದ ಸಂಖ್ಯೆಯನ್ನು ಗ್ರಂಥಾಲಯವು 'ಎರ್‌ನೋ' ಎಂಬ ಚರದಲ್ಲಿ ಇಡುತ್ತದೆ. 'ಪಿ-ಎರರ್' ಎಂಬ ಕ್ರಮವಿಧಿ ಆ ಸಂಖ್ಯೆಗೆ ತಕ್ಕ ವಾಕ್ಯವನ್ನು ಮುದ್ರಿಸುತ್ತದೆ. 'ಸ್ಟ್ರ್-ಎರರ್' ಅದನ್ನು ಮುದ್ರಿಸದೆ ಪ್ರೋಗ್ರಾಂನ ಕೈಗೆ ಕೊಡುತ್ತದೆ. ಲಿನಕ್ಸ್‌ನಲ್ಲಿ 2 ಎಂದರೆ ಅಂಥ ಕಡತವಿಲ್ಲ, 13 ಎಂದರೆ ಅನುಮತಿ ಇಲ್ಲ, 28 ಎಂದರೆ ಡಿಸ್ಕ್‌ನಲ್ಲಿ ಸ್ಥಳವಿಲ್ಲ.

ಈ ಸಂಖ್ಯೆಗಳನ್ನೇ ನೆಚ್ಚಿಕೊಳ್ಳಬಾರದು. ಸಿ ಮಾನಕವು ಹೆಸರಿಸುವ ದೋಷಸಂಕೇತಗಳು ಮೂರೇ ಮೂರು, ಅವುಗಳಲ್ಲಿ 'ಕಡತವಿಲ್ಲ' ಎಂಬುದು ಸೇರಿಲ್ಲ. ಅಷ್ಟೇಕೆ, 'ಎಫ್-ಓಪನ್' ಸೋತಾಗ 'ಎರ್‌ನೋ'ದಲ್ಲಿ ಕಾರಣ ಬರೆಯಲೇಬೇಕೆಂಬ ಕಟ್ಟಳೆಯೂ ಮಾನಕದಲ್ಲಿಲ್ಲ. ಆ ಕಟ್ಟಳೆ ಇರುವುದು ಯೂನಿಕ್ಸ್ ಬಳಗದ 'ಪೋಸಿಕ್ಸ್' ಮಾನಕದಲ್ಲಿ. ಆದ್ದರಿಂದ ಎಲ್ಲ ಯಂತ್ರಗಳಲ್ಲೂ ನಡೆಯಬೇಕಾದ ಪ್ರೋಗ್ರಾಂ, ತೆರೆಯುವ ಮುನ್ನ 'ಎರ್‌ನೋ'ವನ್ನು ಸೊನ್ನೆ ಮಾಡಿಟ್ಟುಕೊಳ್ಳಬೇಕು. ತೆರೆಯಲಾಗದೆ ಹೋದಾಗಲೂ ಅದು ಸೊನ್ನೆಯಾಗಿಯೇ ಉಳಿದಿದ್ದರೆ 'ಕಾರಣ ತಿಳಿಯಲಿಲ್ಲ' ಎಂದು ಪ್ರಾಮಾಣಿಕವಾಗಿ ಹೇಳಬೇಕು.

ಇನ್ನೊಂದು ವಿಷಯವನ್ನು ಅನುಭವಿಗಳೂ ಮರೆಯುವುದುಂಟು. 'ಎರ್‌ನೋ' ಅಳಿಸಿ ಬರೆಯುವ ಹಲಗೆಯಿದ್ದಂತೆ. ದೋಷ ಸಂಭವಿಸಿದ ಬಳಿಕ ಮೊದಲು 'ಅಯ್ಯೋ, ತಪ್ಪಾಯಿತು' ಎಂಬ ಸಾಲನ್ನು ಮುದ್ರಿಸಿ ಆಮೇಲೆ ಕಾರಣ ನೋಡಲು ಹೋದರೆ, ಆ ಮುದ್ರಣವೇ ಹಲಗೆಯ ಮೇಲಿನ ಬರಹವನ್ನು ಬದಲಿಸಿರಬಹುದು. ಸಂಖ್ಯೆಯನ್ನು ಕೂಡಲೇ ಬೇರೆಡೆ ನಕಲಿಸಿಟ್ಟುಕೊಳ್ಳುವುದು ಕ್ಷೇಮ.

ಸಂದೇಶ ಹೋಗಬೇಕಾದ ದಾರಿಯೂ ಬೇರೆ. ಫಲಿತಾಂಶ ಹೊರಡುವ ಹೊನಲು 'ಸ್ಟ್ಯಾಂಡರ್ಡ್ ಔಟ್‌ಪುಟ್', ದೋಷಕ್ಕೆ 'ಸ್ಟ್ಯಾಂಡರ್ಡ್ ಎರರ್'. ಎರಡನ್ನೂ ಬೆರೆಸಿದರೆ 'ಕಡತ ತೆರೆಯಲಾಗಲಿಲ್ಲ' ಎಂಬ ವಾಕ್ಯವೇ ಒಬ್ಬ ಖಾತೆದಾರನ ಹೆಸರಿನಂತೆ ಪಟ್ಟಿಯೊಳಗೆ ಹೋಗಿ ಕೂರುತ್ತದೆ. ಸಂದೇಶದಲ್ಲಿ ಯಾವ ಕಡತ, ಯಾವ ಕೆಲಸ, ಯಾವ ಸಾಲು, ಯಾವ ಕಾರಣ ಎಂಬ ನಾಲ್ಕೂ ಇರಬೇಕು. ಬರೀ 'ಎರರ್' ಎಂದು ಹೇಳುವ ಪ್ರೋಗ್ರಾಂ ಏನನ್ನೂ ಹೇಳಿದಂತಾಗುವುದಿಲ್ಲ.

ಕೊನೆಯ ಸಾಲು ಎರಡು ಬಾರಿ

ಓದುವ ಹಂತದ ಅತಿ ಪ್ರಸಿದ್ಧ ತಪ್ಪು 'ಎಫ್-ಇಒಎಫ್' ಕುರಿತಾದದ್ದು. 'ಕಡತ ಮುಗಿಯುವವರೆಗೆ ಓದು' ಎಂದು ಬರೆಯುವುದು ಸಹಜವೆನಿಸುತ್ತದೆ. ಆದರೆ ಕಡತ ಮುಗಿಯಿತು ಎಂಬುದು ಗ್ರಂಥಾಲಯಕ್ಕೆ ಗೊತ್ತಾಗುವುದು, ಕೊನೆಯ ಸಾಲು ದಾಟಿ ಇನ್ನೂ ಓದಲು ಯತ್ನಿಸಿ ವಿಫಲವಾದ ನಂತರ. ಆ ವಿಫಲ ಯತ್ನದಲ್ಲಿ ಹೊಸತೇನೂ ಬರುವುದಿಲ್ಲ, ಹಳೆಯ ಸಾಲೇ ನೆನಪಿನಲ್ಲಿ ಉಳಿದಿರುತ್ತದೆ, ಪ್ರೋಗ್ರಾಂ ಅದನ್ನೇ ಮತ್ತೆ ಬರೆಯುತ್ತದೆ. ನಾಲ್ಕೂ ಪಟ್ಟಿಗಳ ಕೊನೆಯ ಖಾತೆದಾರರ ಜಮೀನು ಕಾಗದದ ಮೇಲೆ ಇಮ್ಮಡಿಯಾಗುತ್ತದೆ! ಓದುವ ಕ್ರಮವಿಧಿ ಏನು ಹಿಂದಿರುಗಿಸಿತು ಎಂಬುದನ್ನೇ ನೋಡಿ ಮುಂದುವರಿಯಬೇಕು. ಓದು ನಿಂತ ಮೇಲೆ, ಅದು ಕಡತ ಮುಗಿದುದರಿಂದಲೋ ಓದಲಾಗದೆ ಹೋದುದರಿಂದಲೋ ಎಂದು ತಿಳಿಯಲು 'ಎಫ್-ಎರರ್' ಅನ್ನು ಕೇಳಬೇಕು.

ಬಿಡಿ ಬೈಟುಗಳನ್ನು ಓದುವವರಿಗೆ ಕನ್ನಡದ ಹಳೆಯ ಕಡತಗಳಲ್ಲಿ ಪ್ರತ್ಯೇಕ ಗುಂಡಿಯೊಂದಿದೆ. ಓದಿದ ಬೈಟನ್ನು 'ಇಂಟ್' ಚರದಲ್ಲಿ ಇಡಬೇಕು. 'ಚಾರ್' ಚರದಲ್ಲಿಟ್ಟರೆ, 255 ಮೌಲ್ಯದ ಬೈಟ್ ಕೆಲವು ಯಂತ್ರಗಳಲ್ಲಿ ಋಣ ಒಂದಾಗಿ, ಕಡತ ಮುಗಿಯಿತೆಂಬ ಸಂಕೇತದಂತೆ ಕಾಣುತ್ತದೆ. ಓದು ಮಧ್ಯದಲ್ಲೇ ನಿಲ್ಲುತ್ತದೆ. ಮೊಬೈಲ್‌ಗಳಲ್ಲಿರುವ ಎಆರ್‌ಎಂ ಸಂಸ್ಕಾರಕಗಳ ಅನೇಕ ವ್ಯವಸ್ಥೆಗಳಲ್ಲಿ 'ಚಾರ್'ಗೆ ಋಣ ಮೌಲ್ಯವೇ ಇಲ್ಲವಾದ್ದರಿಂದ ಅದೇ ಪ್ರೋಗ್ರಾಂ ಅಲ್ಲಿ ಕೊನೆಯಿಲ್ಲದೆ ತಿರುಗುತ್ತದೆ. ಯೂನಿಕೋಡ್‌ನ ಯುಟಿಎಫ್-8 ಬರಹದಲ್ಲಿ 255 ಎಂಬ ಬೈಟ್ ಬರುವುದೇ ಇಲ್ಲ. ಬರಹ, ನುಡಿಯಂಥ ತಂತ್ರಾಂಶಗಳ ಹಳೆಯ ಫಾಂಟ್ ಆಧಾರಿತ ಕಡತಗಳು ಹಾಗಲ್ಲ, ಅವು 128ಕ್ಕಿಂತ ಮೇಲಿನ ಬೈಟುಗಳನ್ನು ಅಕ್ಷರಗಳ ತುಣುಕುಗಳಿಗೆ ಧಾರಾಳವಾಗಿ ಬಳಸಿದವು.

ಹುಣಸೂರಿಗೆ ಎಷ್ಟು ಜಾಗ ಬೇಕು?

'ಹುಣಸೂರು' ಕಣ್ಣಿಗೆ ನಾಲ್ಕೇ ಅಕ್ಷರ. ಯೂನಿಕೋಡ್‌ನಲ್ಲಿ ಗುಣಿತ ಚಿಹ್ನೆಗಳೂ ಸೇರಿ ಅದು ಏಳು ಸಂಕೇತಗಳು. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕಾದ್ದರಿಂದ ಒಟ್ಟು 21 ಬೈಟ್. 'ಪಿರಿಯಾಪಟ್ಟಣ'ಕ್ಕೆ 33 ಬೈಟ್. ಎಚ್.ಡಿ.ಕೋಟೆಯನ್ನು 'ಹೆಗ್ಗಡದೇವನಕೋಟೆ' ಎಂದು ಪೂರ್ತಿಯಾಗಿ ಬರೆದರೆ 42.

ಇಂಗ್ಲಿಷ್ ಪಠ್ಯಪುಸ್ತಕ ನೋಡಿ ಊರಿನ ಹೆಸರಿಗೆ 20 ಬೈಟ್ ಮೀಸಲಿಟ್ಟವರು 'ಎಫ್-ಗೆಟ್-ಎಸ್' ಮೂಲಕ ಓದಿದರೆ, ಕೊನೆಯ ಸೊನ್ನೆಗೆ ಒಂದು ಹೋಗಿ 19 ಉಳಿಯುತ್ತದೆ. ಆರು ಸಂಕೇತಗಳಿಗೆ 18 ಬೈಟ್ ಮುಗಿದು, 'ರು' ಅಕ್ಷರದ ಕೊಂಬಿನಲ್ಲಿ ಮೂರನೆಯ ಒಂದು ಪಾಲು ಮಾತ್ರ ಒಳಗೆ ಬರುತ್ತದೆ. ಪರದೆಯಲ್ಲಿ 'ಹುಣಸೂರ' ಎಂದು ಬಂದು ಪಕ್ಕದಲ್ಲಿ ಪ್ರಶ್ನಾರ್ಥಕ ಚೌಕ ಕಾಣುತ್ತದೆ. ಉಳಿದ ಎರಡು ಬೈಟುಗಳು ಎಲ್ಲಿಗೂ ಹೋಗುವುದಿಲ್ಲ, ಮುಂದಿನ ಓದಿನಲ್ಲಿ ಹೊಸ ಸಾಲಿನ ವೇಷದಲ್ಲಿ ಬರುತ್ತವೆ. ಅಲ್ಲಿಂದ ಮುಂದೆ ಸಾಲುಗಳ ಎಣಿಕೆ ತಾಳ ತಪ್ಪುತ್ತದೆ. ಓದಿದ ತುಂಡಿನ ಕೊನೆಯಲ್ಲಿ ಹೊಸಸಾಲಿನ ಗುರುತು ಇದೆಯೇ ಎಂದು ನೋಡುವುದೊಂದೇ ಇದಕ್ಕೆ ಮದ್ದು. ಇಲ್ಲದಿದ್ದರೆ ಸಾಲು ಇನ್ನೂ ಮುಗಿದಿಲ್ಲ ಎಂದರ್ಥ. ಕಡತದ ಕೊನೆಯ ಸಾಲು ಮಾತ್ರ ಇದಕ್ಕೆ ಹೊರತಾಗಿರಬಹುದು.

ಸಾಲಿನ ಅಂತ್ಯದಲ್ಲೂ ಏಕರೂಪವಿಲ್ಲ. ಲಿನಕ್ಸ್ ಒಂದು ಬೈಟ್ ಇಟ್ಟರೆ ವಿಂಡೋಸ್ ಎರಡು ಇಡುತ್ತದೆ. ಪಠ್ಯ ವಿಧಾನದಲ್ಲಿ ತೆರೆದಾಗ ವಿಂಡೋಸ್ ಗ್ರಂಥಾಲಯ ತಾನೇ ಹೊಂದಿಸಿಕೊಳ್ಳುತ್ತದೆ. ಆದರೆ ಛಾಯಾಚಿತ್ರದಂಥ ಕಡತವನ್ನೂ ಹಾಗೆಯೇ ತೆರೆದರೆ 'ಹೊಂದಾಣಿಕೆ'ಯೇ ಅದನ್ನು ಕೆಡಿಸುತ್ತದೆ. ಅಂಥವಕ್ಕೆ 'ಬಿ' ಅಕ್ಷರ ಸೇರಿಸಿ ತೆರೆಯಬೇಕು.

ಸರ್ವೆ ನಂಬರ್ 1,96,620

ಸಂಖ್ಯೆಗಳನ್ನು ಯಂತ್ರದ ನೆನಪಿನಲ್ಲಿದ್ದಂತೆಯೇ ಕಡತಕ್ಕೆ ಸುರಿಯುವುದು ಸುಲಭ, ವೇಗವೂ ಹೌದು. ಆದರೆ 'ಟರ್ಬೊ ಸಿ'ಯಲ್ಲಿ 'ಇಂಟ್' ಎಂದರೆ ಎರಡು ಬೈಟ್, ಇಂದಿನ ಬಹುತೇಕ ಕಂಪೈಲರ್‌ಗಳಲ್ಲಿ ನಾಲ್ಕು. ಹಳೆಯ ಗಣಕದಲ್ಲಿ ಸರ್ವೆ ನಂಬರ್ 12 ಮತ್ತು 3 ಎಂದು ಒಂದರ ಪಕ್ಕ ಒಂದು ಬರೆದದ್ದನ್ನು ಹೊಸ ಗಣಕ ಒಟ್ಟಿಗೆ ಓದಿ 1,96,620 ಎಂದು ತೋರಿಸುತ್ತದೆ. ಬೈಟುಗಳ ಅನುಕ್ರಮ ತಿರುಗುಮುರುಗಾದ ಯಂತ್ರದಲ್ಲಿ ಎರಡು ಬೈಟಿನ 258 ಎಂಬುದು 513 ಆಗುತ್ತದೆ. ಎರಡೂ ಪ್ರಸಂಗಗಳಲ್ಲಿ 'ಎರ್‌ನೋ' ಸೊನ್ನೆಯಾಗಿಯೇ ಇರುತ್ತದೆ, ಏಕೆಂದರೆ ಗ್ರಂಥಾಲಯದ ದೃಷ್ಟಿಯಲ್ಲಿ ಓದು ಸಫಲ. ಯಂತ್ರದಿಂದ ಯಂತ್ರಕ್ಕೆ ಹೋಗಬೇಕಾದ ಅಂಕಿಗಳನ್ನು ಅಂಕಿಗಳಾಗಿಯೇ, ಪಠ್ಯದಲ್ಲಿ ಬರೆಯುವುದು ಲೇಸು. ಕಡತ ಸ್ವಲ್ಪ ದೊಡ್ಡದಾಗುತ್ತದೆ ಎಂಬ ಆಕ್ಷೇಪಕ್ಕೆ ಈಗ ಹೆಚ್ಚು ತೂಕವಿಲ್ಲ.

ಮುಚ್ಚುವಾಗಲೂ ಕೇಳಿ

'ಎಫ್-ಪ್ರಿಂಟ್-ಎಫ್' ಸಫಲವಾಯಿತೆಂದರೆ ಡಿಸ್ಕ್‌ಗೆ ಬರೆದಾಯಿತು ಎಂದಲ್ಲ. ಬರಹ ಮೊದಲು ನೆನಪಿನ ಬಫರ್‌ನಲ್ಲಿ ಸೇರುತ್ತದೆ, ಅದು ತುಂಬಿದಾಗ ಅಥವಾ ಕಡತ ಮುಚ್ಚುವಾಗ ಹೊರಡುತ್ತದೆ. ಡಿಸ್ಕ್ ತುಂಬಿದೆ ಎಂಬ ಸುದ್ದಿ ಬರುವುದು ಎಷ್ಟೋ ಬಾರಿ 'ಎಫ್-ಕ್ಲೋಸ್' ಹಂತದಲ್ಲಿ. ಅದು ಹಿಂದಿರುಗಿಸುವ ಉತ್ತರವನ್ನು ಪಠ್ಯಪುಸ್ತಕಗಳ ಬಹುತೇಕ ಪ್ರೋಗ್ರಾಂಗಳು ನೋಡುವುದೇ ಇಲ್ಲ. ಪತ್ರ ಅಂಚೆಗೆ ಹಾಕಿದ್ದೇವೆಂದು ನಂಬಿ, ಪೆಟ್ಟಿಗೆಯ ಬಾಯಲ್ಲಿ ಸಿಕ್ಕಿಕೊಂಡದ್ದನ್ನು ನೋಡದೆ ಮನೆಗೆ ಬಂದಂತೆ.

ಹಳೆಯ ಪಟ್ಟಿಯ ಜಾಗಕ್ಕೆ ಹೊಸದನ್ನು ತರುವಾಗ ನೇರವಾಗಿ ಹಳೆಯದರ ಮೇಲೆ ಬರೆಯಬಾರದು. ತಾತ್ಕಾಲಿಕ ಕಡತದಲ್ಲಿ ಬರೆದು, ಮುಚ್ಚಿ, ಮುಚ್ಚಿದ್ದು ಸಫಲವೆಂದು ಖಚಿತವಾದ ಮೇಲೆ 'ರಿನೇಮ್' ಮೂಲಕ ಹೆಸರು ಬದಲಿಸಬೇಕು. ಇಲ್ಲಿಯೂ ವ್ಯತ್ಯಾಸವುಂಟು: ಲಿನಕ್ಸ್‌ನಲ್ಲಿ ಹೊಸದು ಹಳೆಯದರ ಸ್ಥಾನವನ್ನು ಒಂದೇ ಏಟಿಗೆ ಪಡೆಯುತ್ತದೆ, ವಿಂಡೋಸ್‌ನ ಸಿ ಗ್ರಂಥಾಲಯದಲ್ಲಿ ಆ ಹೆಸರಿನ ಕಡತ ಇದ್ದರೆ 'ರಿನೇಮ್' ನಿರಾಕರಿಸುತ್ತದೆ.

ತಮ್ಮ ಪ್ರೋಗ್ರಾಂ ಈ ವಿಷಯದಲ್ಲಿ ಹೇಗಿದೆ ಎಂದು ನೋಡಬಯಸುವವರಿಗೆ ಲಿನಕ್ಸ್‌ನಲ್ಲಿ ಸುಲಭದ ಪರೀಕ್ಷೆಯೊಂದಿದೆ. ಅದರ 'ಡೆವ್' ಕಡತಕೋಶದಲ್ಲಿ 'ಫುಲ್' ಎಂಬ ವಿಶೇಷ ಕಡತವಿದೆ. ಅದು ಸದಾ ತುಂಬಿದ ಡಿಸ್ಕ್‌ನಂತೆ ವರ್ತಿಸುತ್ತದೆ. ಮೊದಲ ಪಾಠದ 'ಹಲೋ ವರ್ಲ್ಡ್' ಪ್ರೋಗ್ರಾಂನ ಫಲಿತಾಂಶವನ್ನು ಅದರತ್ತ ತಿರುಗಿಸಿದರೆ ಒಂದಕ್ಷರವೂ ಎಲ್ಲಿಯೂ ದಾಖಲಾಗುವುದಿಲ್ಲ. ಆದರೂ ಪ್ರೋಗ್ರಾಂ ತನ್ನ ಕೆಲಸ ಯಶಸ್ವಿ ಎಂದೇ ವ್ಯವಸ್ಥೆಗೆ ವರದಿ ಒಪ್ಪಿಸಿ ಹೊರನಡೆಯುತ್ತದೆ.