ಹೆಂಗಸರು ಆಳಿದ ಎಸ್ಸೆನ್

ಜರ್ಮನಿಯ ಇತಿಹಾಸವೆಂದರೆ ಪಾಠ ಮಾಡುವ ನಾವು ಬಿಸ್ಮಾರ್ಕ್‌ನಿಂದ ಹಿಟ್ಲರ್‌ಗೆ ಓಡಿಬಿಡುತ್ತೇವೆ. 1803ಕ್ಕೆ ಮೊದಲು ಅಲ್ಲಿ ನೂರಾರು ಪುಟ್ಟ ಸಂಸ್ಥಾನಗಳಿದ್ದವು. ಕೆಲವನ್ನು ಬಿಷಪ್ಪರೂ ಮಠಾಧಿಪತಿಗಳೂ ಆಳುತ್ತಿದ್ದರು. ಅವುಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಎಸ್ಸೆನ್. ಅಲ್ಲಿ ಗದ್ದುಗೆ ಹೆಂಗಸರದು.

ಕ್ರಿ.ಶ. 845ರ ಸುಮಾರಿಗೆ ಆಲ್ಟ್‌ಫ್ರಿಡ್ ಎಂಬವನು ಕುಲೀನ ಮನೆತನದ ಹೆಣ್ಣುಮಕ್ಕಳಿಗಾಗಿ ಈ ಮಠವನ್ನು ಸ್ಥಾಪಿಸಿದನು. ಇಲ್ಲಿದ್ದವರೆಲ್ಲ ಸನ್ಯಾಸಿನಿಯರೆಂದು ತಿಳಿಯಬೇಡಿ. ಅವರಿಗೆ ಸ್ವಂತ ಆಸ್ತಿ ಇರುತ್ತಿತ್ತು, ಬೇಕಾದರೆ ಹೊರಗೆ ಹೋಗಿ ಮದುವೆಯಾಗಬಹುದಿತ್ತು. ಇವರೇ ಸಭೆ ಸೇರಿ ಮುಖ್ಯಸ್ಥೆಯನ್ನು, ಅಂದರೆ ಅಬ್ಬೆಸ್‌ಳನ್ನು, ಆರಿಸುತ್ತಿದ್ದರು. (ನಮಗೆ 'ಅಬ್ಬೆ' ನೆನಪಾಗುತ್ತದೆ, ಆದರೆ ಆ ಪದದ ಮೂಲದಲ್ಲಿರುವುದು 'ತಂದೆ'!) ಚಕ್ರವರ್ತಿ ಒಂದನೆಯ ಆಟೋನ ಮೊಮ್ಮಗಳು ಮಟಿಲ್ಡೆ 1011ರವರೆಗೆ ಅಬ್ಬೆಸ್ ಆಗಿದ್ದಳು. ಆಕೆಯ ಕಾಲದ, ಮರದ ಮೇಲೆ ಚಿನ್ನದ ತಗಡು ಹೊದಿಸಿದ ಮೇರಿಮಾತೆಯ ಮೂರ್ತಿ ಇಂದಿಗೂ ಅಲ್ಲಿನ ಚರ್ಚಿನಲ್ಲಿದೆ.

1228ರ ಹೊತ್ತಿಗೆ ಅಬ್ಬೆಸ್‌ಗೆ ಸಾಮ್ರಾಜ್ಯದ ರಾಜಪದವಿಯೂ ದೊರೆಯಿತು. ರಾಜ್ಯವೇನೋ ನಮ್ಮ ಒಂದು ಹೋಬಳಿಯಷ್ಟು. ಆದರೂ ಸಾಮ್ರಾಜ್ಯದ ಮಹಾಸಭೆಯಲ್ಲಿ ಆಕೆಯ ಪ್ರತಿನಿಧಿಗೆ ಸ್ಥಾನವಿತ್ತು.

ಎಸ್ಸೆನ್ ಪಟ್ಟಣದವರು ಮಾತ್ರ ಆಕೆಯ ಒಡೆತನವನ್ನು ಒಪ್ಪಲಿಲ್ಲ. ನಾವು ಸ್ವತಂತ್ರರು ಎಂದರು. ಲೂಥರನ ಮತವನ್ನೂ ಹಿಡಿದರು. 1568ರಲ್ಲಿ ಅಬ್ಬೆಸ್ ಸಾಮ್ರಾಜ್ಯದ ನ್ಯಾಯಾಲಯದಲ್ಲಿ ದಾವೆ ಹೂಡಿದಳು. ತೀರ್ಪು ಬಂದದ್ದು 1670ರಲ್ಲಿ, 102 ವರ್ಷಗಳ ಮೇಲೆ! ಅದೂ ಎಂಥ ತೀರ್ಪು? ಒಡತಿ ಅಬ್ಬೆಸ್ಸೇ, ಆದರೆ ಪಟ್ಟಣದ ಹಳೆಯ ಹಕ್ಕುಗಳು ಹಾಗೇ ಇರತಕ್ಕದ್ದು. ಎರಡು ಕಡೆಯವರೂ ತಾವೇ ಗೆದ್ದೆವೆಂದುಕೊಂಡರು. ಜಗಳ ಮುಂದುವರಿಯಿತು.

ಇದನ್ನು ಸ್ತ್ರೀ ಸ್ವಾತಂತ್ರ್ಯದ ಸ್ವರ್ಗವೆಂದು ನಾನು ಹೇಳಲಾರೆ. ರೈತನ ಮಗಳಿಗೆ ಆ ಸಭೆಯಲ್ಲಿ ಜಾಗವಿರಲಿಲ್ಲ. ಕೊನೆಕೊನೆಗೆ ವಂಶಾವಳಿ ನೋಡಿಯೇ ಒಳಗೆ ಬಿಡುತ್ತಿದ್ದರು. 1776ರಲ್ಲಿ ಅಬ್ಬೆಸ್ ಆದ ಸ್ಯಾಕ್ಸನಿಯ ಮರಿಯಾ ಕುನಿಗುಂಡೆ ಹೆಚ್ಚು ಕಾಲ ಕಳೆದದ್ದು ಎಸ್ಸೆನ್‌ನಲ್ಲಲ್ಲ, ತನ್ನ ಅಣ್ಣ ಟ್ರಿಯರ್‌ನ ಆರ್ಚ್‌ಬಿಷಪ್ಪನ ಬಳಿ. ಆದರೂ ಆಕೆ ರಸ್ತೆ ಮಾಡಿಸಿದಳು, ಕಬ್ಬಿಣದ ಕಾರ್ಖಾನೆಗೆ ಹಣ ಹಾಕಿದಳು.

ಆಕೆಯೇ ಕೊನೆಯವಳು. ರೈನ್ ನದಿಯ ಎಡದಂಡೆ ಫ್ರಾನ್ಸಿನ ಪಾಲಾದಾಗ, ನೆಲ ಕಳೆದುಕೊಂಡ ಅರಸರಿಗೆ ಚರ್ಚಿನ ಸಂಸ್ಥಾನಗಳನ್ನು ಹಂಚಿದರು. 1802ರಲ್ಲಿ ಪ್ರಷ್ಯದ ಸೈನ್ಯ ಎಸ್ಸೆನ್‌ಗೆ ಬಂದಿತು. ಮರುವರ್ಷ ಸಂಸ್ಥಾನವೇ ಇಲ್ಲವಾಯಿತು. 1811ರಲ್ಲಿ ಕ್ರುಪ್ ಉಕ್ಕಿನ ಕಾರ್ಖಾನೆ ಅಲ್ಲಿ ಆರಂಭವಾಯಿತು, ಕಲ್ಲಿದ್ದಲಿನ ಊರೆಂದು ಹೆಸರಾಯಿತು. ಆ ಊರಿನ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿದ್ದು 1918ರ ನವೆಂಬರಿನಲ್ಲಿ.