ನಿಸ್ತಂತು ವೇಗ: ತೆರೆಯ ಮೇಲೆ ಎಷ್ಟು, ಕೈಗೆ ಎಷ್ಟು?

ಲಿನಕ್ಸ್ ಗಣಕದಲ್ಲಿ ಟರ್ಮಿನಲ್ ತೆರೆದು ‘ಐಡಬ್ಲ್ಯುಕಾನ್ಫಿಗ್’ ಎಂಬ ಆದೇಶ ಕೊಟ್ಟರೆ ನಿಸ್ತಂತು ಸಂಪರ್ಕದ ‘ಬಿಟ್ ರೇಟ್’ ಮೂಡುತ್ತದೆ. 1996ರಿಂದ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯ ಪ್ರಾಯೋಜನೆಯಲ್ಲಿ ಜಾನ್ ತೂರಿಲ್ ಬೆಳೆಸಿದ ಸಾಧನವಿದು. ಈಗ ಅದರ ಜಾಗಕ್ಕೆ ‘ಐಡಬ್ಲ್ಯು’ ಬಂದಿದೆ. ಎರಡೂ ತೋರಿಸುವುದು ಪ್ಯಾಕೆಟ್ಟೊಂದು ಆಂಟೆನಾದಿಂದ ಹೊರಡುವಾಗಿನ ವೇಗವನ್ನು. ನಿಮಗೆ ದಕ್ಕುವ ವೇಗ ಅದಲ್ಲ.

ಲೆಕ್ಕ ಹಾಕಿ ನೋಡೋಣ; ಹತ್ತನೆಯ ತರಗತಿಯವರೂ ಮಾಡಬಲ್ಲರು. 1999ರ 802.11ಬಿ ಮಾನಕದ ಗರಿಷ್ಠ ವೇಗ ಸೆಕೆಂಡಿಗೆ 11 ಮೆಗಾಬಿಟ್. 12,000 ಬಿಟ್‌ಗಳ ಒಂದು ಪ್ಯಾಕೆಟ್ಟಿಗೆ ಸುಮಾರು 1.1 ಮಿಲಿಸೆಕೆಂಡು ಸಾಕು. ಆದರೆ ಅದಕ್ಕೂ ಮೊದಲು ಗಣಕ ಕಿವಿಗೊಟ್ಟು ಕಾಯಬೇಕು. ಇಬ್ಬರು ಒಟ್ಟಿಗೆ ಮಾತಾಡದಿರಲೆಂದು, ಚೀಟಿ ಎತ್ತಿದ ಹಾಗೆ, ಇನ್ನಷ್ಟು ಕಾಯಬೇಕು. ಪೀಠಿಕೆಯ ಸಂಕೇತ ಕಳಿಸಬೇಕು, ತಲುಪಿದ್ದಕ್ಕೆ ರಸೀದಿ ಬರಬೇಕು. ಇವಕ್ಕೆ ಸುಮಾರು 0.8 ಮಿಲಿಸೆಕೆಂಡು. ಒಟ್ಟು 1.9. ಭಾಗಿಸಿದರೆ ಉಳಿಯುವುದು 6 ಮೆಗಾಬಿಟ್ ಚಿಲ್ಲರೆ! ಪೆಟ್ಟಿಗೆಯ ಮೇಲೆ ಮಾತ್ರ 11 ಎಂದೇ ಅಚ್ಚಾಗಿರುತ್ತದೆ.

ನಿಜವನ್ನು ಅಳೆಯಲು ದತ್ತಾಂಶವನ್ನು ಕಳಿಸಿಯೇ ನೋಡಬೇಕು. ‘ಪಿಂಗ್’ ಬರೆದ ಮೈಕ್ ಮ್ಯೂಸ್ 1980ರ ದಶಕದಲ್ಲಿ ‘ಟಿಟಿಸಿಪಿ’ಯನ್ನು ಇದಕ್ಕಾಗಿಯೇ ರೂಪಿಸಿದರು. ಇಂದಿನ ‘ಐಪರ್ಫ್’ ಅದೇ ದಾರಿಯದು. ರೂಟರಿಗೆ ತಂತಿಯಿಂದ ಜೋಡಿಸಿದ ಗಣಕದಲ್ಲಿ ಒಂದು ತುದಿ, ನಿಸ್ತಂತು ಗಣಕದಲ್ಲಿ ಇನ್ನೊಂದು ತುದಿ ನಡೆಸಿ.

ಈಗ ರಾಮನಗರದ ಕಡೆಯ, ಕಲ್ಲು ಚಪ್ಪಡಿ ಗೋಡೆಗಳ ಹಳೆಯ ಶಾಲೆಯೊಂದನ್ನು ಊಹಿಸಿಕೊಳ್ಳಿ. ರೂಟರಿನ ಪಕ್ಕದ ಗಣಕ 11 ಮೆಗಾಬಿಟ್‌ನಲ್ಲಿದೆ, ಗೋಡೆಯಾಚೆಯದು ಕುಸಿದು 1ರಲ್ಲಿ. ಇಬ್ಬರಿಗೂ ಸರದಿ ಸಮ. ಆದರೆ ಗೋಡೆಯಾಚೆಯ ಪ್ಯಾಕೆಟ್ 12 ಮಿಲಿಸೆಕೆಂಡು ಗಾಳಿಯನ್ನು ಹಿಡಿದಿಡುತ್ತದೆ. ಫಲವಾಗಿ ಇಬ್ಬರಿಗೂ ಸುಮಾರು 0.8 ಮೆಗಾಬಿಟ್. ಪಕ್ಕದ ಗಣಕದ ತೆರೆ ಮಾತ್ರ 11 ಎಂದೇ ಹೇಳುತ್ತಿರುತ್ತದೆ. ಅದನ್ನು ನಂಬಿದ ಅಧ್ಯಾಪಕರು ಅಂತರಜಾಲ ಕಂಪನಿಯನ್ನು ದೂರುತ್ತಾರೆ.

2003ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು ಈ ಅಸಂಗತವನ್ನು ತೋರಿಸಿದರು. 2005ರ ಜನವರಿಯಲ್ಲಿ ಭಾರತ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿತು. ಅದೇ ವರ್ಷ ರಾಮನಗರಕ್ಕೆ ಐವತ್ತು ಕಿಲೋಮೀಟರ್ ದೂರದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಗ್ ಕುಮಾರ್, ಏಟನ್ ಆಲ್ಟ್‌ಮನ್ ಮೊದಲಾದವರೊಡನೆ, ಇಟಲಿಯ ಬಿಯಾಂಕಿ 2000ದಲ್ಲಿ ಕೊಟ್ಟಿದ್ದ ಗಣಿತವನ್ನು ಸರಳಗೊಳಿಸಿ ವಿಸ್ತರಿಸಿದರು. ಯಾರಿಗೇ ದಕ್ಕುವ ವೇಗವೂ ಅತಿ ನಿಧಾನದವರ ವೇಗವನ್ನು ಮೀರದು. ಒಟ್ಟು ಮೊತ್ತ ಎಲ್ಲರ ವೇಗಗಳ ಹರಾತ್ಮಕ ಮಾಧ್ಯವನ್ನು ಮೀರದು. 11 ಮತ್ತು 1ರ ಸಾಮಾನ್ಯ ಸರಾಸರಿ 6. ಹರಾತ್ಮಕ ಮಾಧ್ಯ ಬರೀ 1.83. ಇಷ್ಟು ಚೊಕ್ಕ ಉದಾಹರಣೆ ಪಠ್ಯಪುಸ್ತಕಗಳಲ್ಲೂ ಅಪರೂಪ.

ಪರಿಹಾರವೂ ಲಿನಕ್ಸ್‌ನಿಂದಲೇ ಬಂತು. ಸ್ವೀಡನ್ನಿನ ಕಾರ್ಲ್‌ಸ್ಟಾಡ್ ವಿಶ್ವವಿದ್ಯಾಲಯದ ಟೋಕೆ ಹೊಯ್ಲಂಡ್-ಯೋರ್ಗೆನ್ಸೆನ್ ಮತ್ತು ಸಂಗಡಿಗರು 2017ರಲ್ಲಿ, ರೂಟರಿನ ಲಿನಕ್ಸ್ ತಂತ್ರಾಂಶವು ಸಮ ಸರದಿಯ ಬದಲು ಸಮ ಕಾಲವನ್ನು ಹಂಚುವಂತೆ ಮಾಡಿ ತೋರಿಸಿದರು. ನಮ್ಮ ಶಾಲೆಯ ಲೆಕ್ಕಕ್ಕೆ ಇದನ್ನು ಅನ್ವಯಿಸಿದರೆ ಪಕ್ಕದ ಗಣಕಕ್ಕೆ 3 ಮೆಗಾಬಿಟ್‌ಗೂ ಹೆಚ್ಚು, ಗೋಡೆಯಾಚೆಯದಕ್ಕೆ ಅರ್ಧ ಮೆಗಾಬಿಟ್‌ನ ಆಸುಪಾಸು ಸಿಗುತ್ತದೆ.